ತಿನ್ನದ ತರಕಾರಿ ಹೇಳಿದರೆ ಮಗು ನಿಮ್ಮದು

ದೆಹಲಿ ಮತ್ತು ಅದರ ಸುತ್ತಲಿನ ಊರುಗಳ ಮಕ್ಕಳು ಯಾವ ತರಕಾರಿಯನ್ನು ತಿನ್ನುವುದಿಲ್ಲ ಎಂಬುದು ಸಣ್ಣ ವಿಷಯವಲ್ಲ. ಗೃಹ ಖಾತೆ ಅದನ್ನಿನ್ನೂ ಕೈಗೆತ್ತಿಕೊಂಡಿಲ್ಲ, ಸಂಸತ್ತಿನಲ್ಲಿ ಯಾರೂ ಪ್ರಶ್ನೆ ಎತ್ತಿಲ್ಲ. ಆದರೂ ಗುರುಗ್ರಾಮದಾಚೆ, ಅರಾವಳಿಯ ಬುಡದ ಮೈದಾನವೊಂದರಲ್ಲಿ ಚಳಿಗಾಲದ ರಾಕ್ ಸಂಗೀತೋತ್ಸವ ನಡೆಯುವ ಎರಡು ದಿನ, ಇನ್ನೂರರಷ್ಟು ಮಕ್ಕಳ ಕ್ಷೇಮ ಈ ಒಂದು ಮಾಹಿತಿಯ ಮೇಲೆ ನಿಂತಿರುತ್ತದೆ. ಮಾಹಿತಿ ಇರುವುದು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ. ನೋಟ್‌ಬುಕ್ಕು ಇರುವುದು ಚೋಂದಮ್ಮನ ಮಡಿಲಲ್ಲಿ.

ಡಿಸೆಂಬರಿನ ಶನಿವಾರ, ಬೆಳಗಿನ ಆರೂವರೆ. ಮಂಜು ಎಷ್ಟು ದಟ್ಟವಾಗಿದೆಯೆಂದರೆ ಮೂರಂತಸ್ತಿನ ವೇದಿಕೆಯೇ ಕಾಣುತ್ತಿಲ್ಲ. ಅದು ಅಲ್ಲಿದೆ ಎಂಬುದಕ್ಕೆ ಒಳಗಿನಿಂದ ಯಾರೋ ‘ಚೆಕ್, ಚೆಕ್, ವನ್, ಟೂ’ ಎನ್ನುತ್ತಿರುವುದಷ್ಟೇ ಸಾಕ್ಷಿ. ‘ತ್ರೀ’ ಮಾತ್ರ ಆತ ಹೇಳುವುದೇ ಇಲ್ಲ. ಗೇಟಿನ ಪಕ್ಕದ ಬಿಳಿ ಗುಡಾರದಲ್ಲಿ ಅರವತ್ತೊಂದರ ಚೋಂದಮ್ಮ ಮಿಲಿಟರಿ ಕ್ಯಾಂಟೀನಿನ ಹಸಿರು ಸ್ವೆಟರ್ ತೊಟ್ಟು, ಮೇಲೊಂದು ಶಾಲು ಹೊದ್ದು, ಮಕ್ಕಳ ಕಿವಿಗೆ ಹಾಕುವ ದಪ್ಪ ಹೆಡ್‌ಫೋನ್‌ಗಳನ್ನು ಒಂದೊಂದಾಗಿ ಸ್ಪಿರಿಟ್ಟಿನ ಹತ್ತಿಯಿಂದ ಒರೆಸುತ್ತಿದ್ದಾರೆ. ಇವುಗಳಲ್ಲಿ ಹಾಡು ಬರುವುದಿಲ್ಲ. ಹಾಡು ಒಳಗೆ ನುಗ್ಗದಂತೆ ತಡೆಯುವುದೇ ಇವುಗಳ ಕೆಲಸ. ಒರೆಸಿದ್ದನ್ನು ತಮ್ಮ ಕಿವಿಗೇ ಏರಿಸಿ ನೋಡುತ್ತಾರೆ. ಮಂಜಿನೊಳಗಿನ ‘ಟೂ’ ಕೇಳಿಸಿತೋ, ಅದು ರಟ್ಟಿನ ಪೆಟ್ಟಿಗೆಗೆ. ಇನ್ನೂರ ನಲವತ್ತರಲ್ಲಿ ಈವತ್ತು ಹದಿಮೂರು ಪೆಟ್ಟಿಗೆ ಸೇರಿವೆ.

ಹೊರಗೆ ಪೊನ್ನಪ್ಪ ಉದ್ದನೆಯ ಬಿದಿರಿನ ತುದಿಗೆ ಕೆಂಪು ಬಕೆಟ್ ಕಟ್ಟುತ್ತಿದ್ದಾರೆ. ಇವರು ಚೋಂದಮ್ಮನ ಗಂಡ, ನಿವೃತ್ತ ಸುಬೇದಾರ್. ದ್ವಾರಕಾದಿಂದ ಹೆಂಡತಿಯನ್ನು ಸ್ಕೂಟರಿನಲ್ಲಿ ಕರೆತರುವುದು, ಬಕೆಟ್ ಏರಿಸುವುದು, ಸಂಜೆ ಇಳಿಸುವುದು ಅವರ ಡ್ಯೂಟಿ. ರಾಕ್ ಸಂಗೀತದ ಬಗ್ಗೆ ಅವರ ಅಭಿಪ್ರಾಯ ಕೇಳಿದವರಿಗೆಲ್ಲ ಒಂದೇ ಉತ್ತರ: “ಡ್ರಮ್ ಒಳ್ಳೇದಿದೆ. ಮಾರ್ಚ್ ಮಾಡೋರು ಯಾರೂ ಇಲ್ಲ.”

ಚೋಂದಮ್ಮ ವಿರಾಜಪೇಟೆಯ ಕಡೆಯವರು. ಮದುವೆಯಾಗಿ ದೆಹಲಿ ಕಂಟೋನ್ಮೆಂಟಿನ ಎರಡು ಕೋಣೆಯ ಮನೆಗೆ ಬಂದದ್ದು ಎಂಬತ್ತೆಂಟರಲ್ಲಿ. ಮೂರು ವರ್ಷದ ಮೇಲೆ ಅಲ್ಲೇ ಒಂದು ನರ್ಸರಿ ಶಾಲೆಯಲ್ಲಿ ಆಯಾ ಆದರು. ಇಪ್ಪತ್ತಮೂರು ವರ್ಷ ಬೆಳಿಗ್ಗೆ ಎಂಟಕ್ಕೆ ತಲೆ ಎಣಿಸಿ ಒಳಗೆ ಬಿಟ್ಟರು, ಹನ್ನೆರಡೂವರೆಗೆ ತಲೆ ಎಣಿಸಿ ಹೊರಗೆ ಬಿಟ್ಟರು. ಅಷ್ಟು ವರ್ಷದಲ್ಲಿ ಲೆಕ್ಕ ತಪ್ಪಿದ್ದು ಒಂದೇ ಸಲ. ತೊಂಬತ್ತೇಳರಲ್ಲಿ ಒಂದು ಮಗುವಿನ ಚಿಕ್ಕಪ್ಪ ಬಂದು ಅದನ್ನು ಕಳಿಸಿಕೊಡಿ ಎಂದ. ಎಷ್ಟೋ ಸಲ ಬಂದು ಹೋದ ಮುಖ. ಮಗುವೂ ನಗುತ್ತ ಅವನ ಹೆಗಲೇರಿತು. ಮನೆಯಲ್ಲಿ ಜಗಳವಾಗಿತ್ತೆಂದೂ ಅವನು ತಾಯಿಗೆ ಹೇಳದೆ ಮಗುವನ್ನು ಎತ್ತಿಕೊಂಡು ಹೋದನೆಂದೂ ತಿಳಿದದ್ದು ಸಂಜೆ. ಮಗು ಸಿಕ್ಕಿತು, ಮೀರತ್ತಿನಲ್ಲಿ, ಎರಡು ದಿನದ ಮೇಲೆ.

“ಗುರುತಿನ ಮುಖ ಅಂತ ಬಿಟ್ಟೆ ನಾನು,” ಎನ್ನುತ್ತಾರೆ ಚೋಂದಮ್ಮ. “ಎರಡು ದಿನ ಅನ್ನ ಇಳೀಲಿಲ್ಲ. ಆಮೇಲಿಂದ ನಂಗೆ ಯಾರ ಗುರುತೂ ಇಲ್ಲ.”

ಶಾಲೆ ಹನ್ನೊಂದು ವರ್ಷದ ಹಿಂದೆ ಮುಚ್ಚಿತು. ಅದೇ ಶಾಲೆಯಲ್ಲಿ ನಾಲ್ಕನೆಯ ವಯಸ್ಸಿನಲ್ಲಿ ಇವರ ಸೆರಗು ಹಿಡಿದು ಅಳುತ್ತಿದ್ದ ಸಂದೀಪ್ ಈಗ ಉತ್ಸವ ನಡೆಸುವ ಕಂಪನಿಯಲ್ಲಿ ಮ್ಯಾನೇಜರ್. ರಾಕ್ ಕೇಳಿ ಬೆಳೆದ ಹುಡುಗ ಹುಡುಗಿಯರು ಮದುವೆಯಾಗಿ, ಮಕ್ಕಳಾಗಿ, ಆದರೂ ರಾಕ್ ಬಿಡಲೊಲ್ಲದೆ ಮಗುವನ್ನು ಹೆಗಲ ಮೇಲೆ ಹೊತ್ತು ಬರತೊಡಗಿದಾಗ ಅವನಿಗೆ ಹಳೆಯ ಆಯಾ ನೆನಪಾದರು. ಅಲ್ಲಿಂದೀಚೆಗೆ ಮೂವತ್ತೆಂಟು ಉತ್ಸವ. ದಿನಕ್ಕೆ ಸರಾಸರಿ ಒಂಬತ್ತು ಮಕ್ಕಳು ಗುಡಾರಕ್ಕೆ ಬರುತ್ತವೆ; ಒಟ್ಟು ಆರುನೂರ ಎಂಬತ್ತು ದಾಟಿದೆ. ಅತಿ ಹೆಚ್ಚು ಹೊತ್ತು ಕಾದ ಮಗು ಎರಡು ಗಂಟೆ ಹತ್ತು ನಿಮಿಷ ಕಾದಿತ್ತು. ಮಗು ಜೊತೆಯಲ್ಲಿಲ್ಲ ಎಂಬುದು ತಂದೆತಾಯಿಗೆ ಹೊಳೆದದ್ದು ಮುಖ್ಯ ಬ್ಯಾಂಡು ಇಳಿದ ಮೇಲೆ. ತಪ್ಪು ಕೈಗೆ ಹೋದ ಮಕ್ಕಳ ಸಂಖ್ಯೆ ಸೊನ್ನೆ.

ಪದ್ಧತಿ ಸರಳ. ಮಗು ಗೇಟಿಗೆ ಬಂದೊಡನೆ ಕಿವಿಗೆ ಹೆಡ್‌ಫೋನ್, ಮಣಿಕಟ್ಟಿಗೆ ಕಾಗದದ ಪಟ್ಟಿ, ಪಟ್ಟಿಯ ಮೇಲೆ ದೊಡ್ಡವರ ಫೋನ್ ನಂಬರು. ಆಮೇಲೆ ದೊಡ್ಡವರನ್ನು ನಾಲ್ಕು ಹೆಜ್ಜೆ ಆಚೆ ನಿಲ್ಲಿಸಿ, ಚೋಂದಮ್ಮ ಮಂಡಿ ಹಿಡಿದುಕೊಂಡು ಬಗ್ಗಿ, ಯಾವ ತರಕಾರಿ ಕಂಡರೆ ಆಗುವುದಿಲ್ಲ ಎಂದು ಮಗುವಿನ ಬಾಯಿಂದಲೇ ಕೇಳಿ ಬರೆದುಕೊಳ್ಳುತ್ತಾರೆ. ಮಗುವನ್ನು ಕೇಳಿಕೊಂಡು ಬಂದವರು ಅದನ್ನು ಹೇಳಬೇಕು. ಹುಟ್ಟಿದ ದಿನ, ಶಾಲೆಯ ಹೆಸರು ಯಾರು ಬೇಕಾದರೂ ಹೇಳಿಯಾರು. ತಟ್ಟೆಯ ಅಂಚಿಗೆ ಏನು ತಳ್ಳಿತೆಂಬುದು ಎದುರು ಕೂತು ಉಣಿಸಿದವರಿಗೆ ಮಾತ್ರ ಗೊತ್ತು ಎಂಬುದು ಅವರ ವಾದ. ನೋಟ್‌ಬುಕ್ಕಿನ ಪ್ರಕಾರ ರಾಜಧಾನಿ ವಲಯದ ಅರ್ಧದಷ್ಟು ಮಕ್ಕಳು ಲೌಕಿಯ, ಎಂದರೆ ಸೋರೆಕಾಯಿಯ, ವಿರೋಧಿಗಳು. ಎರಡನೆಯ ಸ್ಥಾನ ಹಾಗಲಕಾಯಿಗೆ. ಒಬ್ಬಳು ಮಾತ್ರ ‘ಪನೀರ್’ ಎಂದು ಬರೆಸಿದ್ದಾಳೆ; ಅದು ತರಕಾರಿಯಲ್ಲ ಎಂದು ಚೋಂದಮ್ಮ ವಾದಕ್ಕೆ ಹೋಗಲಿಲ್ಲ.

ಕೊನೆಗೆ ಕೆಂಪು ಬಕೆಟ್ ತೋರಿಸಿ ಪ್ರತಿ ಮಗುವಿಗೂ ಹೇಳುತ್ತಾರೆ, ಪಾಪಾ ಮಮ್ಮಿ ಕಳೆದುಹೋದರೆ ಇಲ್ಲಿಗೆ ಬಂದು ನನಗೆ ತಿಳಿಸು ಎಂದು. ಮಗು ಕಳೆದುಹೋಗುವ ಮಾತೇ ಅಲ್ಲಿಲ್ಲ.

ಈ ಸಲದ ಉತ್ಸವ ಮಾತ್ರ ಹಿಂದಿನಂತಲ್ಲ. ಅಕ್ಟೋಬರಿನಲ್ಲಿ ನೋಯ್ಡಾದ ಉತ್ಸವದಲ್ಲಿ ಮಹಿಳೆಯೊಬ್ಬರು ತಮ್ಮ ಮಗ ಎಲ್ಲ ತರಕಾರಿಯನ್ನೂ ತಿನ್ನುತ್ತಾನೆಂದು ಪಟ್ಟು ಹಿಡಿದು ಇಪ್ಪತ್ತು ನಿಮಿಷ ಕಾಯಬೇಕಾಯಿತು. ಕಾಯುವಾಗ ಅವರು ತೆಗೆದ ವಿಡಿಯೋವನ್ನು ಎರಡು ಲಕ್ಷ ಜನ ನೋಡಿದರು. ಇನ್ನೊಂದು ದೂರು ಬಂದರೆ ಗುಡಾರ ಒಂದು ಏಜೆನ್ಸಿಗೆ ಹೋಗುತ್ತದೆಂದು ಸಂದೀಪ್ ತನ್ನ ಬೂಟು ನೋಡಿಕೊಂಡು ಹೇಳಿದ್ದಾನೆ. ಏಜೆನ್ಸಿಯವರ ಪಟ್ಟಿಯನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ ಸಾಕು, ಫೋನು ತಾನೇ ಬಡಿದುಕೊಳ್ಳುತ್ತದೆ. ಸೋರೆಕಾಯಿಯ ಪ್ರಸ್ತಾಪವೇ ಬರುವುದಿಲ್ಲ.

“ಪೆನ್ಶನ್ ಬರ್ತದೆ, ಊಟಕ್ಕೇನೂ ತೊಂದ್ರೆ ಇಲ್ಲ,” ಎನ್ನುತ್ತಾರೆ ಚೋಂದಮ್ಮ. “ಆದ್ರೆ ಮನೇಲಿ ಕೂತ್ರೆ ಎಣಿಸೋಕೆ ಏನಿದೆ? ಇವರೊಬ್ಬರೇ.”

ಮಧ್ಯಾಹ್ನ ಒಂದಕ್ಕೆ ಕಿದ್ವಾಯಿ ನಗರದ ಸೋಮಶೇಖರ ಆರು ವರ್ಷದ ಮಗಳು ಅಮೂಲ್ಯಳನ್ನು ಕರೆದುಕೊಂಡು ಗೇಟಿಗೆ ಬರುತ್ತಾರೆ. ಕೇಂದ್ರ ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ಹೆಂಡತಿ ಪದ್ಮಾ ತರಬೇತಿಗೆಂದು ಹೈದರಾಬಾದಿಗೆ ಹೋಗಿ ಐದು ದಿನವಾಗಿದೆ. ದಾವಣಗೆರೆಯ ಕಾಲೇಜಿನಲ್ಲಿ ಇವರೊಂದು ಬ್ಯಾಂಡು ಕಟ್ಟಿದ್ದರು. ಅದು ಒಂದು ಕಾರ್ಯಕ್ರಮ ಕೊಟ್ಟು ನಿಂತಿತು. ಮಗಳಿಗಾದರೂ ಆ ಸುಖ ತೋರಿಸೋಣವೆಂದು ಬಂದಿದ್ದಾರೆ. ನೆಟ್ಟಗೆ ನಿಲ್ಲು ಎಂದು ಅವರು ಕನ್ನಡದಲ್ಲಿ ಗದರುವುದು, ಮಗಳು ಹಿಂದಿಯಲ್ಲಿ ಗೊಣಗುವುದು ಕೇಳಿ ಚೋಂದಮ್ಮ ಊರು ವಿಚಾರಿಸುತ್ತಾರೆ. ಅಪ್ಪನಿಗೂ ಖುಷಿ. ಆ ಖುಷಿಯಲ್ಲಿ, ಹದಿನಾರು ವರ್ಷದ ನೌಕರಿಯ ಅಭ್ಯಾಸಬಲದಿಂದ, ಪಟ್ಟಿಯ ಮೇಲೆ ಸೋಮಶೇಖರ ಬರೆಯುವುದು ಆಫೀಸಿನ ಲ್ಯಾಂಡ್‌ಲೈನ್ ನಂಬರು. ಪಕ್ಕದಲ್ಲಿ ಎಕ್ಸ್‌ಟೆನ್ಶನ್.

ಮೂರೂವರೆಗೆ ಮೇಲಧಿಕಾರಿಯ ಫೋನು. ವೇದಿಕೆಯ ಸದ್ದಿನಲ್ಲಿ ‘ಎಸ್ ಸರ್’ ಎಂದದ್ದೂ ಆ ಕಡೆಗೆ ಕೇಳಿಸುವುದಿಲ್ಲ. ಮೋಮೋ ಅಂಗಡಿಯ ಮುಂದೆ ಮಗಳನ್ನು ನಿಲ್ಲಿಸಿ, ಅಲ್ಲಾಡಬೇಡವೆಂದು ಹೇಳಿ, ಅವರು ಅಂಗಡಿಗಳ ಹಿಂದಕ್ಕೆ ಹೋಗುತ್ತಾರೆ. ಎರಡು ನಿಮಿಷದ ಮಾತು ಹದಿನೆಂಟು ನಿಮಿಷವಾಗುತ್ತದೆ. ಅಷ್ಟರಲ್ಲಿ ಅಮೂಲ್ಯ ಕೆಂಪು ಬಕೆಟ್ ನೋಡಿಕೊಂಡು ಗುಡಾರಕ್ಕೆ ಬಂದು ವರದಿ ಒಪ್ಪಿಸಿಯಾಗಿದೆ.

“ಆಂಟೀ, ಮೇರೇ ಪಾಪಾ ಖೋ ಗಯೇ.”

“ಹೌದಾ, ಪಾಪಾ ಕಳೆದುಹೋದ್ರಾ? ಹೇಗಿದ್ರು ಪುಟ್ಟಿ?”

“ನೀಲಾ ಜಾಕೆಟ್. ಫೋನ್ ಪರ್ ಬಾತ್ ಕರ್ ರಹೇ ಥೇ.”

ಚೋಂದಮ್ಮ ಪಟ್ಟಿ ನೋಡಿ ನಂಬರು ಒತ್ತುತ್ತಾರೆ. ಶನಿವಾರದ ಸಚಿವಾಲಯದಲ್ಲಿ ಫೋನು ಬಹಳ ಹೊತ್ತು ಬಡಿದುಕೊಂಡು, ಕೊನೆಗೆ ಯಾವುದೋ ಫ್ಯಾಕ್ಸ್ ಯಂತ್ರ ಕಿರುಚುತ್ತದೆ. ಐದು ಸಲ ಪ್ರಯತ್ನಿಸುತ್ತಾರೆ. ಐದು ಸಲವೂ ಅದೇ ಯಂತ್ರ.

ಸೋಮಶೇಖರ ಗುಡಾರ ತಲುಪುವಾಗ ನಾಲ್ಕೂ ಹದಿನೈದು. ಅಂಗಿ ಬೆವರಿಗೆ ಅಂಟಿದೆ, ಪ್ಯಾಂಟಿನ ಮಂಡಿ ಮಣ್ಣಾಗಿದೆ. ಅಂಗಡಿಗಳ ಮೇಜುಗಳಡಿಯೆಲ್ಲ ಬಗ್ಗಿ ಹುಡುಕಿದ್ದಾರೆ. ಮಗಳನ್ನು ಕಂಡವರೇ ಎರಡೂ ಕೈಯಿಂದ ತಬ್ಬಿಕೊಳ್ಳುತ್ತಾರೆ. ಚೋಂದಮ್ಮ ಅವರಿಗೆ ನೀರು ಕೊಡುತ್ತಾರೆ, ಕುರ್ಚಿ ಕೊಡುತ್ತಾರೆ. ಆಮೇಲೆ ನೋಟ್‌ಬುಕ್ಕು ತೆರೆಯುತ್ತಾರೆ.

ಹಾಗಲಕಾಯಿ, ಎನ್ನುತ್ತಾರೆ ಸೋಮಶೇಖರ. ಚೋಂದಮ್ಮ ಅಲ್ಲವೆಂದು ತಲೆಯಾಡಿಸುತ್ತಾರೆ. ಸೋರೆಕಾಯಿ. ಅಲ್ಲ. ಬದನೆಕಾಯಿ. ಅದೂ ಅಲ್ಲ. ಮಗಳಿಗೆ ಈ ಆಟ ಬಹಳ ಹಿಡಿಸಿದೆ. “ಪಾಪಾ ಕೋ ಪತಾ ಹೀ ನಹೀಂ,” ಅಪ್ಪನಿಗೆ ಗೊತ್ತೇ ಇಲ್ಲ, ಎಂದು ಗುಡಾರಕ್ಕೆಲ್ಲ ಕೇಳುವಂತೆ ಹೇಳುತ್ತಾಳೆ. ಹೇಳಿಕೊಡು ಎಂದು ಅಪ್ಪ ಕಣ್ಣಿನಲ್ಲೇ ಬೇಡಿದರೂ ಬಾಯಿ ಬಿಡುವುದಿಲ್ಲ.

“ಮೇಡಂ, ನಾನೂ ಕನ್ನಡದವನೇ.”

“ಸಂತೋಷ ಸರ್. ತರಕಾರಿ ಯಾವ್ದು?”

ಸೋಮಶೇಖರ ಗುರುತಿನ ಚೀಟಿ ತೆಗೆಯುತ್ತಾರೆ. ಸಿಂಹಗಳ ಲಾಂಛನ, ಫೋಟೋ, ಸಹಿ. ಚೋಂದಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಎರಡೂ ಕೈಯಲ್ಲಿ ಮರಳಿಸುತ್ತಾರೆ. “ಇದ್ರಲ್ಲಿ ನೀವು ಯಾರು ಅಂತ ಇದೆ ಸರ್. ಅದು ನಂಗೂ ಗೊತ್ತು. ಮಗು ಪಕ್ಕದಲ್ಲೇ ಕೂತ್ಕೊಳ್ಳಿ, ಆಟ ಆಡ್ಸಿ. ಕರ್ಕೊಂಡು ಹೋಗೋದು ಮಾತ್ರ ಉತ್ತರ ಆದ್ಮೇಲೆ.”

ಸೋಮಶೇಖರರ ದನಿ ಏರುತ್ತದೆ. ದೂರು ಕೊಡುತ್ತೇನೆ, ಲಿಖಿತವಾಗಿ ಕೊಡುತ್ತೇನೆ ಎನ್ನುತ್ತಾರೆ. ಸಂದೀಪ್ ಓಡಿ ಬರುತ್ತಾನೆ. ಮಗು ಅಪ್ಪನ ತೊಡೆಯ ಮೇಲೆ ಕೂತಿರುವುದನ್ನು ನೋಡಿ, ಚೋಂದಮ್ಮನ ಕಿವಿಯ ಬಳಿ ಬಗ್ಗಿ, ಆಂಟೀಜೀ ಬಿಟ್ಟುಬಿಡಿ, ನಿಮ್ಮ ಕೆಲಸ ಉಳಿಯಲಿ ಎಂದು ಹಿಂದಿಯಲ್ಲಿ ಅಂಗಲಾಚುತ್ತಾನೆ. ಚೋಂದಮ್ಮ ನೋಟ್‌ಬುಕ್ಕನ್ನೂ ಪೆನ್ನನ್ನೂ ಅವನ ಕಡೆ ಚಾಚುತ್ತಾರೆ. ಹಾಗಾದರೆ ನೀನೇ ಸೈನ್ ಹಾಕಿ ಕಳಿಸು ಬೇಟಾ, ನಾನು ಬೇಡ ಅನ್ನುವುದಿಲ್ಲ, ಎನ್ನುತ್ತಾರೆ. ಸಂದೀಪ್ ಪೆನ್ನನ್ನು ನೋಡುತ್ತಾನೆ, ಮಗುವನ್ನು ನೋಡುತ್ತಾನೆ. ತೆಗೆದುಕೊಳ್ಳುವುದಿಲ್ಲ.

ದಾರಿ ಒಂದಿತ್ತು, ಸೋಮಶೇಖರರಿಗೂ ಮೊದಲಿಂದ ಗೊತ್ತಿತ್ತು. ಪದ್ಮಾಗೆ ಫೋನ್ ಮಾಡುವುದು. ಮೇಲಧಿಕಾರಿಗಾದರೂ ಸಮಜಾಯಿಷಿ ಬರೆದುಕೊಡಬಹುದು, ಇದಕ್ಕೆ ಏನು ಬರೆಯುವುದು? ಇನ್ನೂ ಹತ್ತು ನಿಮಿಷ ಅವರು ಹೂಕೋಸು, ಮೂಲಂಗಿ, ಟಿಂಡಾ ಎಂದು ಕತ್ತಲಲ್ಲಿ ಕಲ್ಲೆಸೆಯುತ್ತಾರೆ. ಕೊನೆಗೆ ಫೋನು ತೆಗೆಯುತ್ತಾರೆ. ಸ್ಪೀಕರ್ ಹಾಕಿ ಎನ್ನುತ್ತಾರೆ ಚೋಂದಮ್ಮ.

“ಅಮ್ಮು ಯಾವ ತರಕಾರಿ ತಿನ್ನಲ್ಲ, ಪದ್ಮಾ?”

“ಯಾಕೆ? ಅವಳೆಲ್ಲಿ?”

“ಇಲ್ಲೇ ಇದ್ದಾಳೆ. ಸುಮ್ನೆ ಕೇಳ್ದೆ.”

“ಬೀನ್ಸ್. ಹಲ್ಲು ಬಂದಾಗಿಂದ ಬೀನ್ಸ್. ಪ್ರತಿ ಶನಿವಾರ ಐಎನ್ಎ ಮಾರ್ಕೆಟ್ಟಿಂದ ಅರ್ಧ ಕೇಜಿ ತರ್ತೀರಲ್ಲ, ಅದೇ.”

ಸೋಮಶೇಖರ ಫೋನು ಜೇಬಿಗಿಟ್ಟು ಮಗಳ ಮುಖ ನೋಡುತ್ತಾರೆ. ಅವಳು ಹೌದೆಂಬಂತೆ ತಲೆಯಾಡಿಸುತ್ತಾಳೆ. ನೋಟ್‌ಬುಕ್ಕಿನಲ್ಲಿ ಅವರು ಹೆಸರು, ಹುದ್ದೆ, ತಾರೀಖು ಹಾಕಿ ಸಹಿ ಮಾಡುತ್ತಾರೆ. ದೂರು ಮಾತ್ರ ಖಂಡಿತ ಬರೆಯುತ್ತೇನೆ ಎಂದು ತಗ್ಗಿದ ದನಿಯಲ್ಲಿ ಹೇಳುತ್ತಾರೆ.

“ಬರೀರಿ ಸರ್,” ಎನ್ನುತ್ತಾರೆ ಚೋಂದಮ್ಮ. “ಟೈಮ್ ಸರಿಯಾಗಿ ಹಾಕಿ. ನಾಲ್ಕೂ ಹದಿನೈದರಿಂದ ನಾಲ್ಕೂ ನಲವತ್ತೊಂಬತ್ತು.”

ಭಾನುವಾರ ಬೆಳಿಗ್ಗೆ ಚೋಂದಮ್ಮ ಮತ್ತೆ ಬಂದು ಹೆಡ್‌ಫೋನ್ ಒರೆಸಿದರು.

ದೂರು ಸೋಮವಾರ ಕಂಪನಿಗೆ ತಲುಪಿತು. ಎರಡು ಪುಟ, ಏಳು ಅಂಶ. ಸೋಮಶೇಖರ ಕಡತ ನೋಡಿ ಪಳಗಿದವರು. ಕೋಪವಿದ್ದರೂ ಒಂದು ಸಂಗತಿಯನ್ನೂ ಬಿಡಲಾರರು. ಸರ್ಕಾರಿ ಗುರುತಿನ ಚೀಟಿ ತೋರಿಸಿದರೂ ಮಗುವನ್ನು ಕೊಡಲಿಲ್ಲ. ಒಂದೇ ರಾಜ್ಯದವರೆಂದು ತಿಳಿದೂ ಕೊಡಲಿಲ್ಲ. ಮಗುವೇ ಗುರುತಿಸಿದರೂ ಕೊಡಲಿಲ್ಲ. ಮ್ಯಾನೇಜರ್ ಹೇಳಿದರೂ ಕೊಡಲಿಲ್ಲ. ಮೂವತ್ತನಾಲ್ಕು ನಿಮಿಷ ಕಾಯಿಸಿದರು. ಪಟ್ಟಿಯ ಮೇಲೆ ಕಚೇರಿಯ ನಂಬರು ಬರೆದದ್ದು ಅರ್ಜಿದಾರನೇ ಎಂಬುದು ಆರನೆಯ ಅಂಶ, ಕೇಳಿದ ಪ್ರಶ್ನೆಗೆ ಅರ್ಜಿದಾರನಿಗೆ ಉತ್ತರ ಗೊತ್ತಿರಲಿಲ್ಲ ಎಂಬುದು ಏಳನೆಯದು.

ಕಂಪನಿಯ ಯಜಮಾನರು ಅದನ್ನು ಏಜೆನ್ಸಿಯ ಕಾಗದದ ಜೊತೆ ಇಟ್ಟು, ಉತ್ಸವಕ್ಕೆ ವಿಮೆ ಕೊಡುವವರ ಮುಂದೆ ಹಿಡಿದರು. ವಿಮೆಯ ಅಧಿಕಾರಿ ದೂರನ್ನು ಎರಡು ಸಲ ಓದಿ, ಈ ಮಹಿಳೆ ಎಷ್ಟು ವರ್ಷದಿಂದ ಇದ್ದಾರೆಂದು ಕೇಳಿದರಂತೆ. ಏಜೆನ್ಸಿಯ ಕಾಗದವನ್ನು ತೆರೆಯಲೇ ಇಲ್ಲವಂತೆ.

ಕೆಲಸ ಉಳಿದ ಸುದ್ದಿ ಹೇಳಲು ದ್ವಾರಕಾದ ಮನೆಗೆ ಬಂದ ಸಂದೀಪನಿಗೆ ಚೋಂದಮ್ಮ ಕಾಫಿ ಕೊಟ್ಟು, ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಒಂದು ಬೇಡಿಕೆ ಮುಂದಿಟ್ಟರು. ಗುಡಾರಕ್ಕೆ ಇನ್ನೊಬ್ಬರು ಬೇಕು. “ಬಾತ್‌ರೂಮಿಗೆ ಹೋಗ್ಬೇಕಾದ್ರೆ ಮಕ್ಕಳನ್ನ ಯಾರ ಕೈಗೆ ಬಿಟ್ಟು ಹೋಗ್ಲಿ? ಬೆಳಿಗ್ಗೆಯಿಂದ ನೀರೇ ಕುಡಿಯೋಲ್ಲ ನಾನು.” ಸಂದೀಪ್ ಮೇಲಿನವರಿಗೆ ಹೇಳುತ್ತೇನೆಂದ.

ಫೆಬ್ರುವರಿಯ ಉತ್ಸವಕ್ಕೂ ಗುಡಾರ ಚೋಂದಮ್ಮನದೇ. ಎರಡನೆಯವರು ಮಂಜೂರಾಗಿಲ್ಲ.