ಕೆಂಪು ಬಲಕ್ಕೆ, ನೀಲಿ ಎಡಕ್ಕೆ

ಕ್ಷಮಿಸುವುದು ನನ್ನ ಜಾಯಮಾನದಲ್ಲೇ ಇಲ್ಲ. ಹನ್ನೊಂದು ವರ್ಷದ ಹಿಂದೆ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, "ಇದೇನು ಪ್ಯಾಂಟೋ, ದಿಂಬಿನ ಚೀಲವೋ?" ಎಂದು ನಾಲ್ಕು ಜನರೆದುರು ನಕ್ಕ ಔಷಧಿ ಅಂಗಡಿಯವನಿಗೆ ಇವತ್ತಿನವರೆಗೂ ಒಂದು ಗುಂಡಿ ಹಾಕಿಕೊಟ್ಟಿಲ್ಲ. ಅವನ ಹೊಟ್ಟೆ ಬೆಳೆಯಿತು, ಅಂಗಿಯ ಗುಂಡಿಗಳು ಒಂದೊಂದಾಗಿ ಹಾರಿಹೋದವು. ಹಾರಲಿ! ಮೂವತ್ತೆರಡು ವರ್ಷದಿಂದ ಹೊಲಿಗೆ ಯಂತ್ರದ ಮುಂದೆ ಕೂತು ಕತ್ತು ಬಗ್ಗಿಸಿದ್ದೇನೆಯೇ ಹೊರತು ಯಾರ ಮುಂದೆಯೂ ತಲೆ ಬಗ್ಗಿಸಿಲ್ಲ.

ಆದರೆ ಹೇಳಹೊರಟಿರುವುದು ನನ್ನ ಮೊಮ್ಮಗಳ ಸಂಗತಿ. ಅವಳನ್ನು ಮನೆಯಲ್ಲಿ ಮೆಣಸು ಎನ್ನುತ್ತೇವೆ. ಮೂರೂವರೆ ವರ್ಷ. ದುಂಡಗೆ, ಕಪ್ಪಗೆ, ಕಾಳಿನಷ್ಟೇ ಇದ್ದಾಳೆ. ಕಚ್ಚಿದ ಮೇಲೆ ಗೊತ್ತಾಗುತ್ತದೆ. ತನ್ನ ಗೊಂಬೆಯನ್ನು ಯಾರಾದರೂ ಮುಟ್ಟಿದರೆ ಆಗ ಸುಮ್ಮನಿದ್ದು, ಮಾರನೆಯ ದಿನ ಅವರ ಚಪ್ಪಲಿಯನ್ನು ನೀರಿನ ಬಕೆಟ್ಟಿಗೆ ಹಾಕುತ್ತಾಳೆ. ಈ ಬುದ್ಧಿ ಯಾರಿಂದ ಬಂತೆಂದು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಾರೆ.

ಹುಟ್ಟಿದಾಗಿನಿಂದ ಅವಳಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಅವಳಮ್ಮ, ಅಂದರೆ ನನ್ನ ಮಗಳು, ಬಸ್ ಕಂಡಕ್ಟರ್. ಬೆಳಗಿನ ಐದೂವರೆಯ ಬಸ್ಸು ಅವಳದು. ಅಳಿಯ ಲಾರಿ ಓಡಿಸುತ್ತಾನೆ, ಮನೆಯಲ್ಲಿರುವುದಕ್ಕಿಂತ ಹೆದ್ದಾರಿಯಲ್ಲಿರುವುದೇ ಜಾಸ್ತಿ. ಹಾಗಾಗಿ ಮಗುವಿನ ಹಗಲೆಲ್ಲ ನನ್ನದು. ಆಪರೇಷನ್ ಮಾಡಿ ಎರಡೂ ಕಿವಿಯ ಒಳಗೆ ಸಣ್ಣ ತಂತಿ ಇಟ್ಟರು. ಗಾಯ ಮಾಗಿದ ಮೇಲೆ ಹೊರಗೆ ಹಾಕಿಕೊಳ್ಳುವ ಯಂತ್ರಗಳನ್ನು ಕೊಟ್ಟರು: ಕಿವಿಯ ಹಿಂದೆ ಕೂರುವ ತುಂಡೊಂದು, ಅದರಿಂದ ಹೊರಟ ತಂತಿಯ ತುದಿಗೆ ತಲೆಗೆ ಅಂಟಿಕೊಳ್ಳುವ ಅಯಸ್ಕಾಂತದ ಬಿಲ್ಲೆ. ಎರಡು ಕಿವಿಗೆ ಎರಡು. ಬಿಲ್ಲೆ ಕಳಚಿದರೆ ಏನೂ ಕೇಳಿಸದು.

"ಕೆಂಪು ಚುಕ್ಕೆ ಇರೋದು ಬಲಕ್ಕೆ, ನೀಲಿ ಎಡಕ್ಕೆ," ಎಂದರು ಆಸ್ಪತ್ರೆಯ ಕಿವಿ ಮೇಡಂ. "ಬಲಗಿವಿಗೆ ಸದ್ದು ಜೋರಾಗಿ ಬೇಕು, ಅದಕ್ಕೇ ಕೆಂಪಿನಲ್ಲಿ ಜಾಸ್ತಿ ಇಟ್ಟಿದ್ದೀನಿ. ಎಡಗಿವಿ ಸೂಕ್ಷ್ಮ. ಅದಲುಬದಲು ಮಾತ್ರ ಆಗಬಾರದು. ಎದ್ದಾಗಿಂದ ಮಲಗೋ ತನಕ ತಲೆ ಮೇಲೇ ಇರ್ಲಿ. ಈಗಿನ ದಿನಗಳು ಹೋದ್ರೆ ಮತ್ತೆ ಬರಲ್ಲ. ಒಂದ್ಸಲ ಇದರ ಮೇಲೆ ದ್ವೇಷ ಬಂತೋ, ಕಿವೀನೂ ಇಲ್ಲ, ಮಾತೂ ಇಲ್ಲ."

ಮೊದಲ ವಾರ ಮೆಣಸು ಯಂತ್ರವನ್ನು ಕಿತ್ತು ಕಿತ್ತು ಎಸೆದಳು. ಒಮ್ಮೆ ಷೂ ಒಳಗೆ ಸಿಕ್ಕಿತು, ಒಮ್ಮೆ ದಾರದ ಡಬ್ಬಿಯಲ್ಲಿ. ನಲ್ಲಿ ಬಿಟ್ಟರೆ ಬೆಚ್ಚುತ್ತಿದ್ದಳು, ತನ್ನದೇ ಕೆಮ್ಮಿಗೆ ಹಿಂತಿರುಗಿ ನೋಡುತ್ತಿದ್ದಳು. ಎರಡನೆಯ ವಾರ ನನ್ನ ಹೊಲಿಗೆ ಯಂತ್ರದ ಸದ್ದು ಇಷ್ಟವಾಯಿತು. ನಿಲ್ಲಿಸಿದರೆ ಬಂದು ನನ್ನ ಮೊಣಕಾಲನ್ನು ತಳ್ಳುತ್ತಿದ್ದಳು. ಮೂರನೆಯ ವಾರ ಬೆನ್ನ ಹಿಂದಿನಿಂದ "ಬಾ" ಎಂದೆ, ತಿರುಗಿದಳು! ಕೈಯಲ್ಲಿದ್ದ ಕತ್ತರಿ ಬಿಟ್ಟು, ಗಿರಾಕಿಯೆದುರೇ ಗೊಳೋ ಎಂದು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ.

ನಾಲ್ಕನೆಯ ವಾರ ಶಿಶುವಿಹಾರಕ್ಕೆ ಸೇರಿಸಿದೆವು. ಅಲ್ಲಿನ ಟೀಚರಮ್ಮನ ಗಂಟಲು ಎರಡು ಬೀದಿಗೆ ಕೇಳಿಸುವಂಥದ್ದು, ನಾನು ಆಕೆಗೆ ಕಹಳೆ ಎಂದೇ ಹೆಸರಿಟ್ಟೆ. ಮೊದಲ ದಿನ ಸಂಜೆ ನಾಲ್ಕಕ್ಕೆ ಹೋದೆ. ಮಗು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದೆ, ತಲೆ ಬರಿದು.

"ಯಂತ್ರ ಎಲ್ಲಿ?" ಎಂದೆ.

"ಓಡಾಡುವಾಗ ಜಾರಿ ಜಾರಿ ಬೀಳ್ತಿತ್ತು ಅಮ್ಮ. ಯಾರಾದ್ರೂ ತುಳಿದುಬಿಟ್ರೆ ಅಂತ ಜೋಪಾನವಾಗಿ ಎತ್ತಿಟ್ಟೆ," ಎಂದು ಕಪಾಟಿನ ಬೀಗ ತೆಗೆದು ಬಿಸ್ಕತ್ತಿನ ಡಬ್ಬಿಯೊಂದನ್ನು ಕೊಟ್ಟಳು.

"ಯಾವಾಗ ಎತ್ತಿಟ್ರಿ?"

"ಬೆಳಿಗ್ಗೆ ಒಂಬತ್ತೂವರೆಗೆ."

ಆರೂವರೆ ಗಂಟೆ! ಎದ್ದಾಗಿಂದ ಮಲಗುವ ತನಕ ಇರಬೇಕಾದ ಕಿವಿಗೆ ಬೀಗ ಜಡಿದು, ಅದಕ್ಕೆ ಜೋಪಾನ ಎಂಬ ಹೆಸರು ಬೇರೆ. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದಿದ್ದನ್ನೆಲ್ಲ ಅಂದೆ, ಉಳಿದಿದ್ದನ್ನು ದಾರಿಯುದ್ದಕ್ಕೂ ಅಂದುಕೊಂಡು ಬಂದೆ.

ಆ ಸಂಜೆಯೇ ಮಗುವಿಗೆ ಟೋಪಿ ಹೊಲಿಯಲು ಕೂತೆ. ಮೆತ್ತನೆಯ ಹತ್ತಿಬಟ್ಟೆ, ಗಲ್ಲದ ಕೆಳಗೆ ಕಟ್ಟುವ ಲಾಡಿ, ಹಣೆಯ ಮೇಲೆ ಒಂದು ಬಟ್ಟೆಯ ಹೂವು, ಎರಡು ಕಿವಿಯ ಹಿಂದೆ ಯಂತ್ರ ಕೂರಲು ಎರಡು ಜೇಬು. ಗುರುತಿಗೆಂದು ಒಂದು ಜೇಬಿನ ಅಂಚಿಗೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ. ಹೊಲಿಯುವವರೆಲ್ಲ ಮಾಡುವಂತೆ ಬಟ್ಟೆಯ ಒಳಮೈಯನ್ನು ಮೇಲೆ ಮಾಡಿಕೊಂಡು ಹೊಲಿದೆ. ಒಂದೊಂದು ಹೊಲಿಗೆಗೂ ಕಹಳೆಗೆ ಒಂದೊಂದು ಬೈಗುಳ ಹೊಸೆದೆ. ಅವಳ ಡಬ್ಬಿ ಹಾಳಾಗ, ಅವಳ ಬೀಗ ತುಕ್ಕು ಹಿಡಿಯ. ಅಷ್ಟು ಉಮೇದಿನಲ್ಲಿ ನಾನು ಎಂದೂ ಏನನ್ನೂ ಹೊಲಿದಿರಲಿಲ್ಲ.

ಮಾರನೆಯ ಬೆಳಿಗ್ಗೆ ಶಿಶುವಿಹಾರದ ಬಾಗಿಲಲ್ಲೇ ಟೀಚರಮ್ಮನನ್ನು ನಿಲ್ಲಿಸಿಕೊಂಡೆ.

"ಈ ಟೋಪಿಗೆ ಕೈ ಹಚ್ಚಿದ್ರೆ ಕೈ ಮುರೀತೀನಿ. ಹಾಕೋದೂ ನಾನೇ, ತೆಗೆಯೋದೂ ನಾನೇ. ಗೊತ್ತಾಯ್ತಾ?"

"ಆಯ್ತು ಅಮ್ಮ. ಮುಟ್ಟಲ್ಲ," ಎಂದಳು.

ಅಂದಿನಿಂದ ಮಗು ಕೆಟ್ಟುಹೋಯಿತು. ಟೀಚರಮ್ಮ ಬಾಯಿ ತೆರೆದರೆ ಸಾಕು, ಎಡಗಡೆಗೆ ಕೈ ಒತ್ತಿ ಹಿಡಿದು ಕಿರುಚುತ್ತಿತ್ತು. ಮನೆಯಲ್ಲಿ ಪಾತ್ರೆ ಬಿದ್ದರೆ ಮೇಜಿನ ಕೆಳಗೆ ನುಗ್ಗುತ್ತಿತ್ತು. ಇಷ್ಟಪಟ್ಟಿದ್ದ ಹೊಲಿಗೆ ಯಂತ್ರದ ಸದ್ದಿಗೂ ಈಗ ಹಲ್ಲು ಕಚ್ಚಿ ನಡುಗುತ್ತಿತ್ತು. "ಬಾ" ಎಂದರೆ ತಿರುಗುವುದಿರಲಿ, ಇನ್ನಷ್ಟು ದೂರ ಓಡುತ್ತಿತ್ತು. ಬೆಳಿಗ್ಗೆ ಟೋಪಿ ಹಿಡಿದು ಬಂದರೆ ನನ್ನ ಕೈ ಕಚ್ಚುತ್ತಿತ್ತು. ಕಚ್ಚಿಸಿಕೊಂಡೇ ಹಾಕುತ್ತಿದ್ದೆ, ಕೆಂಪು ಚುಕ್ಕೆಯನ್ನು ಕೆಂಪು ಜೇಬಿಗೆ, ನೀಲಿಯನ್ನು ನೀಲಿಗೆ, ಕಣ್ಣಲ್ಲಿ ಕಣ್ಣಿಟ್ಟು. ಲಾಡಿಯನ್ನು ಎರಡು ಗಂಟು ಹಾಕಿ ಬಿಗಿಯುತ್ತಿದ್ದೆ.

"ಅಮ್ಮ, ಆಸ್ಪತ್ರೆಗೆ ತೋರಿಸೋಣ," ಎಂದಳು ಮಗಳು.

"ಆಸ್ಪತ್ರೆಗೆ ಯಾಕೆ? ಅವಳು ಹೊಡೀತಾಳೆ ಕಣೇ! ನಾನು ಬೈದಿದ್ದಕ್ಕೆ ಮಗು ಮೇಲೆ ಹಗೆ ಸಾಧಿಸ್ತಿದ್ದಾಳೆ. ಯಾವ ಕಡೆ ಕೈ ಇಟ್ಕೊಳ್ಳುತ್ತೆ ನೋಡು, ಎಡಗಡೆ. ಬಲಗೈಯವರು ಎದುರಿಗೆ ನಿಂತು ಹೊಡೆದ್ರೆ ಬೀಳೋದು ಎಡಗೆನ್ನೆಗೇ ತಾನೇ?"

ಮಗಳು ಟಿಕೆಟ್ ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊರಟಳು. ನನ್ನ ತರ್ಕ ನನಗೇ ಬಹಳ ಹಿಡಿಸಿತು.

ಸೇಡಿಗೆ ದಾರಿ ತಾನಾಗಿ ಬಂದು ಮಡಿಲಿಗೆ ಬಿತ್ತು. ಶಿಶುವಿಹಾರದಲ್ಲಿ ಪೋಷಕರ ಸಭೆಯಿತ್ತು. ಅದಕ್ಕೆಂದು ಟೀಚರಮ್ಮ ತಿಂಗಳ ಮೊದಲೇ ನನ್ನ ಬಳಿ ಬೂದು ಬಣ್ಣದ ಕೋಟು ಹೊಲಿಯಲು ಕೊಟ್ಟಿದ್ದಳು. ಕಾಲರು, ಕಾಜಾ, ತೋಳು, ಎಲ್ಲವನ್ನೂ ನೋಡಿದವರು ಭೇಷ್ ಎನ್ನುವಂತೆ ಹೊಲಿದೆ. ಬೆನ್ನ ನಡುವೆ ಮಾತ್ರ, ಎಳೆದರೆ ಬಿಚ್ಚಿಕೊಳ್ಳುವ ಉದ್ದುದ್ದದ ಕಚ್ಚಾ ಹೊಲಿಗೆ ಹಾಕಿ, ಮೇಲೆ ಇಸ್ತ್ರಿ ತಿಕ್ಕಿ ಮಲಗಿಸಿದೆ. ಕೈ ಕೆಳಗಿದ್ದರೆ ಏನೂ ಆಗದು. ಕೈ ಎತ್ತಿದರೆ ಮುಗಿಯಿತು. ಮಗುವಿನ ಮೇಲೆ ಎತ್ತುವ ಕೈ ತಾನೇ, ಎತ್ತಲಿ ಎಂದುಕೊಂಡೆ.

ಟೋಪಿ ಹಾಕಿದ ಹನ್ನೊಂದನೆಯ ದಿನ ಆ ಸಭೆ. ಹೋಗಿ ಮುಂದಿನ ಸಾಲಿನಲ್ಲೇ ಕೂತೆ. ಟೀಚರಮ್ಮ ಹೊಸ ಕೋಟು ತೊಟ್ಟು ಎಲ್ಲರಿಗೂ ನಮಸ್ಕಾರ ಹೇಳಿದಳು, ನನಗೂ ಹೇಳಿದಳು. ಮಕ್ಕಳ ಚಿತ್ರಗಳನ್ನು ತೋರಿಸಲು ಗೋಡೆಯ ಮೇಲಿನ ಪರದೆ ಎಳೆಯಬೇಕಾಯಿತು. ಕೈ ಎತ್ತಿದಳು. ಚರ್ರೆಂದು ಕತ್ತಿನಿಂದ ಸೊಂಟದವರೆಗೆ ಬಾಯಿ ಬಿಟ್ಟಿತು ಕೋಟು. ಹಿಂದಿನ ಸಾಲಿನ ಅಪ್ಪಂದಿರು ಕಿಸಕ್ಕೆಂದರು. ಆಕೆಯ ಮುಖ ಕೆಂಪಾಗಿ, ಕಣ್ಣಲ್ಲಿ ನೀರು ಬಂತು. ಆಹಾ, ನನ್ನ ಹೊಟ್ಟೆ ತಣ್ಣಗಾಯಿತು! ಇಷ್ಟು ದಿನದ ಉರಿಯ ಮೇಲೆ ಯಾರೋ ಕೊಡದಲ್ಲಿ ನೀರು ಸುರಿದಂತಿತ್ತು.

ಆಕೆ ಮೇಜಿನ ಹೊದಿಕೆಯನ್ನೇ ಎಳೆದು ಬೆನ್ನಿಗೆ ಹೊದ್ದು ಮೈಕು ಹಿಡಿದಳು. ಮೈಕು ಒಮ್ಮೆ ಕೀಚೆಂದಿತು. ಮೆಣಸು ಕುರ್ಚಿಯಿಂದ ಕೆಳಗೆ ಬಿದ್ದಳು. ಬಿದ್ದಲ್ಲೇ ಎರಡೂ ಕೈಯಿಂದ ಲಾಡಿ ಹರಿದು, ಟೋಪಿಯನ್ನು ತಲೆಯಿಂದ ಸುಲಿದು ಎಸೆದಳು. ಅದು ಟೀಚರಮ್ಮನ ಕಾಲ ಬಳಿ ಬಿತ್ತು.

ಆಕೆ ಬಗ್ಗಿದಳು. ಕೈ ಚಾಚಿದವಳು ತಡೆದು, ಮೇಜಿನ ಮೇಲಿದ್ದ ಮರದ ಸ್ಕೇಲನ್ನು ತೆಗೆದುಕೊಂಡು, ಅದರ ತುದಿಯಲ್ಲಿ ಟೋಪಿಯನ್ನೆತ್ತಿ ನನ್ನೆದುರು ಹಿಡಿದಳು.

"ನೀವೇ ಹಾಕಿ ಅಮ್ಮ. ಮುಟ್ಟಲ್ಲ ಅಂತ ಮಾತು ಕೊಟ್ಟಿದ್ದೀನಿ."

ಟೋಪಿ ಉಲ್ಟಾ ಆಗಿತ್ತು, ಒಳಮೈ ಹೊರಗೆ. ಹೊಲಿಯುವಾಗ ನನ್ನ ಮುಂದಿದ್ದದ್ದೂ ಹೀಗೆಯೇ. ಹೂವಿನ ಕಡೆ ಮುಂದೆ ಮಾಡಿ ಹಿಡಿದೆ. ಕೆಂಪು ದಾರ ಬಲಕ್ಕೇ ಇತ್ತು. ಹಾಕಲೆಂದು ಒಳಗೆ ಕೈ ತೂರಿಸಿ ತಿರುಗಿಸಿದೆ. ಕೆಂಪು ದಾರ ಎಡಕ್ಕೆ ಬಂತು.

ಮತ್ತೆ ತಿರುಗಿಸಿದೆ. ಬಲ. ಮತ್ತೆ. ಎಡ. ಉಲ್ಟಾ ಹೊಲಿದದ್ದನ್ನು ತಿರುಗಿಸಿದರೆ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹೊಲಿಗೆ ಕಲಿಯಲು ಬಂದವರಿಗೆ ನಾನು ಮೊದಲ ದಿನವೇ ಹೇಳಿಕೊಡುವ ಮಾತು ಇದು. ಅವರಲ್ಲಿ ಯಾರಾದರೂ ಹೀಗೆ ತಪ್ಪಿದ್ದರೆ ಸ್ಕೇಲಿನಿಂದ ಬೆರಳ ಗೆಣ್ಣಿಗೆ ಕೊಡುತ್ತಿದ್ದೆ. ಅಯ್ಯೋ, ಹನ್ನೊಂದು ದಿನ! ಸೂಕ್ಷ್ಮವಾದ ಎಡಗಿವಿಗೆ ಜೋರಿನ ಯಂತ್ರ ಹಾಕಿ, ಎರಡು ಗಂಟು ಬಿಗಿದು, ಕಿತ್ತುಕೊಳ್ಳಲೂ ಆಗದಂತೆ ಮಾಡಿ ಕಳಿಸಿದ್ದು ನಾನು. ತೆಗೆದು ನೋಡಬಹುದಾಗಿದ್ದ ಒಬ್ಬಳ ಕೈಯನ್ನೂ ಕಟ್ಟಿಹಾಕಿದ್ದು ನಾನು. ಹೊಡೆದವರು ಯಾರೆಂದು ಹುಡುಕಿದ್ದೆನಲ್ಲ, ಸಿಕ್ಕಿದಳು.

ಯಂತ್ರಗಳನ್ನು ಜೇಬಿನಿಂದ ತೆಗೆದು, ಕೆಂಪನ್ನು ಬಲಕ್ಕೆ, ನೀಲಿಯನ್ನು ಎಡಕ್ಕೆ ಇಟ್ಟೆ. ಮೆಣಸು ಕಣ್ಣು ಬಿಗಿಯಾಗಿ ಮುಚ್ಚಿ, ಬೀಳುವ ಏಟಿಗೆ ಕಾಯುವವಳಂತೆ ನಿಂತಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟಳು.

ಟೀಚರಮ್ಮ ಅಲ್ಲೇ ದೂರದಲ್ಲಿ ಮೊಣಕಾಲೂರಿ ಕೂತು, ಆ ಗಂಟಲಿನಿಂದ ಸಾಧ್ಯವೇ ಎನ್ನುವಷ್ಟು ಮೆಲ್ಲಗೆ, "ಮೆಣಸೂ, ಬಾ," ಎಂದಳು.

ಮೆಣಸು ತಿರುಗಿದಳು. ನೆಟ್ಟಗೆ ಹೋಗಿ, ಆಕೆಯ ಬೆನ್ನಿಂದ ನೆಲಕ್ಕೆ ಹರಡಿದ್ದ ಮೇಜಿನ ಹೊದಿಕೆಯ ಮೇಲೆ ಕೂತಳು.

"ಮೆಣಸೂ, ನೋಡೇ ಇಲ್ಲಿ, ಅಜ್ಜಿ ಕಣೇ," ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅಳಲಿಲ್ಲ, ಕಿರುಚಲಿಲ್ಲ. ಎರಡೂ ಬಿಲ್ಲೆಗಳನ್ನು ತಲೆಯಿಂದ ನಿಧಾನವಾಗಿ ಕಿತ್ತು ಮುಷ್ಟಿಯಲ್ಲಿ ಹಿಡಿದು ಕೂತಳು. ನಾನು ಬಾಯಿ ಮುಚ್ಚಿದೆ. ನನ್ನ ತುಟಿ ಅಲುಗುವುದು ನಿಂತದ್ದನ್ನು ಖಾತ್ರಿ ಮಾಡಿಕೊಂಡು, ಮತ್ತೆ ತಾನೇ ಅಂಟಿಸಿಕೊಂಡಳು.

ಹೊರಡುವಾಗ ಟೀಚರಮ್ಮನಿಗೆ, "ಕೋಟು ಕೊಡಿ ಟೀಚರ್, ಗಟ್ಟಿಯಾಗಿ ಹೊಲಿದು ಕೊಡ್ತೀನಿ," ಎಂದೆ.

ಆಕೆ ಹರಿದ ಅಂಚನ್ನು ಬೆರಳಲ್ಲಿ ಸವರಿ, ಉದ್ದುದ್ದದ ಹೊಲಿಗೆಯ ತೂತುಗಳನ್ನು ನೋಡಿದಳು. "ಬೇಡ ಅಮ್ಮ. ನಾನೇ ಹೊಲ್ಕೋತೀನಿ," ಎಂದಳು. ಆ ಬಿಸ್ಕತ್ತಿನ ಡಬ್ಬಿಯನ್ನು ನಾನೂ ಇನ್ನೂ ಮರೆತಿಲ್ಲ, ಹಾಗಾಗಿ ನಾವಿಬ್ಬರೂ ಬಾಗಿಲಲ್ಲಿ ನಮಸ್ಕಾರ ಹೇಳಿಕೊಂಡು ಅಷ್ಟಕ್ಕೇ ನಿಲ್ಲಿಸುತ್ತೇವೆ.

ಆಮೇಲೆ ಎರಡು ತಿಂಗಳು ಕಳೆದು ಆಸ್ಪತ್ರೆಗೆ ಹೋದೆವು. ಈಗ ಮೆಣಸು ಹೊಸ ಟೋಪಿ ಹಾಕುತ್ತಾಳೆ, ಅವಳಮ್ಮ ಅಂಗಡಿಯಿಂದ ತಂದದ್ದು. ಕಿವಿ ಮೇಡಂ ಯಂತ್ರಗಳನ್ನು ಕಂಪ್ಯೂಟರಿಗೆ ಜೋಡಿಸಿದರು. ದಿನಕ್ಕೆ ಎಷ್ಟು ಹೊತ್ತು ತಲೆಯ ಮೇಲಿತ್ತು, ಎಷ್ಟು ಸಲ ಕಳಚಿತು, ಎಲ್ಲವನ್ನೂ ಅದೇ ಬರೆದಿಟ್ಟುಕೊಳ್ಳುತ್ತದಂತೆ.

"ಹನ್ನೊಂದು ಗಂಟೆ ಹಾಕ್ಕೊಂಡಿರ್ತಾಳೆ. ಶಭಾಷ್!" ಎಂದರು ಮೇಡಂ. "ಕೆಲವು ಮಾತೂ ಶುರುವಾಗಿದೆ, ಒಳ್ಳೇದು. ಆದ್ರೆ ಇದೊಂದು ಅರ್ಥ ಆಗ್ತಿಲ್ಲ. ದಿನಾ ಏಳೆಂಟು ಸಲ ಎರಡೂ ಬಿಲ್ಲೆ ಒಟ್ಟಿಗೇ ತೆಗೀತಾಳೆ, ಒಂದು ನಿಮಿಷ ಬಿಟ್ಟು ಮತ್ತೆ ಹಾಕ್ಕೋತಾಳೆ. ಎಲ್ಲಾದ್ರೂ ನೋಯ್ತಿದ್ಯಾ? ಯಾವಾಗ ತೆಗೀತಾಳೆ, ಗಮನಿಸಿದ್ದೀರಾ?"

ಮಗಳು ನೆಲ ನೋಡತೊಡಗಿದಳು. ಮೆಣಸು ಮೇಡಮ್ಮನ ಮೇಜಿನ ಮೇಲಿದ್ದ ಗಿಲಕಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ನಾನು ಬಾಯಿ ತೆರೆಯುವುದನ್ನು ಕಂಡೊಡನೆ ಗಿಲಕಿ ಕೆಳಗಿಟ್ಟು, ಎರಡೂ ಕೈಯನ್ನು ತಲೆಗೆ ಒಯ್ದಳು.

"ಅಷ್ಟು ಸಲ ನಾನು ಅವಳ ಹತ್ರ ಮಾತಾಡಿರ್ತೀನಿ ಮೇಡಂ," ಎಂದೆ.