ಕೊನೆಯ ಸಾಲಿನ ಚುಕ್ಕಿಗಳು

ಅಂಧರಿಗಾಗಿ ಬ್ರೈಲ್ ಪುಸ್ತಕ ಮುದ್ರಿಸುವ ಆ ಪ್ರೆಸ್ಸಿನಲ್ಲಿ ಎಲ್ಲರೂ ಅವಳನ್ನು ಮಿಷನ್ ಅಕ್ಕ ಎನ್ನುತ್ತಿದ್ದರು. ಕೆಲಸಕ್ಕೆ ಸೇರಿದ್ದು ಹಾಳೆ ಹೊಲಿಯುವುದಕ್ಕೆ. ಅಲ್ಲಿನ ಎರಡು ಮುದ್ರಣಯಂತ್ರಗಳನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿದ ಮೇಲೆ ಅವನ್ನು ನೋಡಿಕೊಳ್ಳುವವರೇ ಇಲ್ಲವಾಗಿ, ಆ ಕೆಲಸ ಇವಳ ತಲೆಗೆ ಬಂತು. ಮೊದಮೊದಲು ಎಣ್ಣೆ ಬಿಡುವುದು, ಚುಕ್ಕಿ ಒತ್ತುವ ಸೂಜಿ ಸವೆದರೆ ಬದಲಿಸುವುದು ಇಷ್ಟೇ. ಆಮೇಲೆ ಕಂಪ್ಯೂಟರಿನ ಮಾತನ್ನು ಯಂತ್ರಕ್ಕೆ ತಲುಪಿಸುವ ಡ್ರೈವರ್ ಎಂಬ ಪ್ರೋಗ್ರಾಮೂ ಕೈಕೊಟ್ಟಿತು. ಪುಸ್ತಕ ತಂದಿಟ್ಟುಕೊಂಡು ಅದನ್ನೂ ಕಲಿತಳು. ಎರಡು ವರ್ಷ ಹಿಡಿಯಿತು. ಗಂಡ ಬಸ್ ಓಡಿಸುತ್ತಿದ್ದ. "ನಮ್ಮನೇಲಿ ನಾನು ಡ್ರೈವರ್, ಇವಳು ಡ್ರೈವರ್ ರಿಪೇರಿ ಮಾಡೋಳು" ಎಂದು ನೆಂಟರ ಮುಂದೆ ನಗಾಡುತ್ತಿದ್ದ.

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಯಂತ್ರಗಳ ಜತೆ ನೇರವಾಗಿ ವ್ಯವಹರಿಸುವುದು ಅದೇ. ಪ್ರೆಸ್ಸಿನಲ್ಲಿದ್ದದ್ದು ಯಾರು ಬೇಕಾದರೂ ತೆರೆದು ಓದಬಹುದಾದ ಕರ್ನಲ್. ಎಲ್ಲೆಲ್ಲೋ ಇರುವ ಜನ ಅದನ್ನು ತಿದ್ದುತ್ತಲೇ ಇರುತ್ತಿದ್ದರು. ಹೊಸ ಆವೃತ್ತಿ ಬಂದಾಗಲೆಲ್ಲ ಇವಳ ಡ್ರೈವರ್ ಎಲ್ಲಾದರೂ ಮುಗ್ಗರಿಸುತ್ತಿತ್ತು. ಆಗ ಹಳೆಯದನ್ನೂ ಹೊಸದನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಕೂರುತ್ತಿದ್ದಳು. ತೆಗೆದ ಸಾಲು ಕೆಂಪಗೆ, ಸೇರಿಸಿದ್ದು ಹಸಿರಾಗಿ ಕಾಣುತ್ತಿತ್ತು. ಯಾವುದೋ ಹೆಸರು ಬದಲಾಗಿರುತ್ತಿತ್ತು, ಕರ್ನಲ್ ಎರಡು ವಿವರ ಕೇಳುತ್ತಿದ್ದ ಕಡೆ ಈಗ ಮೂರು ಕೇಳುತ್ತಿತ್ತು. ತನ್ನದನ್ನು ಅದಕ್ಕೆ ತಕ್ಕಂತೆ ತಿದ್ದಿ ಎದ್ದುಬಿಡುತ್ತಿದ್ದಳು.

ಒಂದು ವರ್ಷ ಪ್ರೆಸ್ಸಿಗೆ ಹೊಸ ಕಂಪ್ಯೂಟರ್ ಬಂತು, ಅದರ ಜತೆ ಹೊಸ ಕರ್ನಲ್ಲೂ ಬಂತು. ಆ ಸಲ ಡ್ರೈವರ್ ಒಂದೂ ತಕರಾರಿಲ್ಲದೆ ಹೊಂದಿಕೊಂಡುಬಿಟ್ಟಿತು. ಮೂರನೆಯ ದಿನ ಪ್ರೂಫ್ ಓದುವ, ಎಲ್ಲರೂ ಬೆರಳು ಮೇಷ್ಟ್ರು ಎನ್ನುತ್ತಿದ್ದವರು ಅವಳನ್ನು ಕರೆದರು. ಹುಟ್ಟುಕುರುಡರು, ಎಪ್ಪತ್ತು ದಾಟಿದವರು.

"ಕೊನೇ ಸಾಲು ಸರಿಯಿಲ್ಲಮ್ಮ."

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಚುಕ್ಕಿ ಎಲ್ಲಾ ಇದೆಯಲ್ಲ, ಮೇಷ್ಟ್ರೇ."

"ಇದೆ. ಎದ್ದು ನಿಂತಿಲ್ಲ. ಬೆರಳಿಗೆ ಸಿಗ್ತಿಲ್ಲ."

ಅವಳು ತಾನೂ ಸವರಿ ನೋಡಿದಳು, ವ್ಯತ್ಯಾಸ ತಿಳಿಯಲಿಲ್ಲ. ಮೇಷ್ಟ್ರಿಗೆ ವಯಸ್ಸಾಯಿತು, ಬೆರಳು ಮರಗಟ್ಟಿರಬೇಕು ಎಂದುಕೊಂಡಳು. ಮ್ಯಾನೇಜರ್ ಕೇಳಿದಾಗ ಅದನ್ನೇ ಹೇಳಿಯೂಬಿಟ್ಟಳು. ಅವರು ಮೇಷ್ಟ್ರನ್ನು ಕೆಲವು ದಿನ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಕಳಿಸಿದರು. ಗಣಿತದ ಪುಸ್ತಕದ ಮುನ್ನೂರು ಪ್ರತಿ ಶಾಲೆಗಳಿಗೆ ಹೋದವು.

ತಿಂಗಳು ಕಳೆಯುವುದರೊಳಗೆ ಕಟ್ಟುಗಳು ವಾಪಸ್ ಬರತೊಡಗಿದವು. ಪ್ರತಿ ಪುಟದ ಕೊನೆಯ ಲೆಕ್ಕ ಮಕ್ಕಳಿಗೆ ಓದಲಾಗುತ್ತಿಲ್ಲ ಎಂದು ಮೂರು ಶಾಲೆಗಳಿಂದ ಕಾಗದ ಬಂದಿತ್ತು.

ಅವಳು ಒಂಬತ್ತು ದಿನ ಹುಡುಕಿದಳು. ತನ್ನ ಡ್ರೈವರಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಕೊನೆಯ ಸಾಲು ಒತ್ತಲು ಸೂಜಿಗಳಿಗೆ ಹೇಳಿದ ಮೇಲೆ, ಹಾಳೆಯನ್ನು ಹೊರಗೆಳೆಯುವ ಮುನ್ನ ಕರ್ನಲ್ಲಿನ ಒಳಗಡಿಯಾರದ ಹತ್ತು ಮಿಡಿತ ಕಾಯಬೇಕು ಎಂದು ಅದರಲ್ಲಿ ಬರೆದಿತ್ತು. ಬದಲಾಗಿದ್ದದ್ದು ಮಿಡಿತವೇ. ಹಳೆಯ ಕರ್ನಲ್ ಸೆಕೆಂಡಿಗೆ ನೂರು ಸಲ ಮಿಡಿಯುತ್ತಿತ್ತು, ಹೊಸದು ಸಾವಿರ ಸಲ. ಕಾಯುವ ಹೊತ್ತು ಹತ್ತರಲ್ಲಿ ಒಂದು ಪಾಲಾಗಿ, ಸೂಜಿ ಪೂರ್ತಿ ಇಳಿಯುವ ಮೊದಲೇ ಹಾಳೆ ಸರಿಯುತ್ತಿತ್ತು. ಮಿಡಿತದ ಎಣಿಕೆ ತೆಗೆದು ಮಿಲಿಸೆಕೆಂಡಿನ ಲೆಕ್ಕ ಬರೆದಳು. ಒಂದೇ ಸಾಲಿನ ಕೆಲಸ.

ಹೊಸದಾಗಿ ಮುದ್ರಿಸಿದ ಹಾಳೆ ಹಿಡಿದು ಮೇಷ್ಟ್ರ ಮನೆಗೆ ಹೋದಳು. ಅವರು ಕೊನೆಯ ಸಾಲನ್ನು ಸವರಿ, "ಈಗ ಸಿಕ್ತು" ಎಂದರು.

"ತಪ್ಪು ನಂದು, ಮೇಷ್ಟ್ರೇ. ನಿಮ್ಮ ಬೆರಳಿನ ಮೇಲೆ ಹಾಕಿಬಿಟ್ಟೆ."

"ನಾನೂ ನಂಬಿಬಿಟ್ಟಿದ್ದೆನಮ್ಮ. ತಿಂಗಳಿಡೀ ಹಳೇ ಪುಸ್ತಕಗಳ ಕೊನೇ ಸಾಲೇ ಓದ್ತಾ ಕೂತಿದ್ದೆ, ಬೆರಳು ಹೋಯ್ತಾ ಅಂತ."

ಮರುದಿನ ಮ್ಯಾನೇಜರ್ ಎದುರು ತಪ್ಪೊಪ್ಪಿಕೊಂಡು ಮೇಷ್ಟ್ರನ್ನು ತಾನೇ ಕರೆತಂದಳು. ಮುನ್ನೂರು ಪ್ರತಿ ಮತ್ತೆ ಅಚ್ಚಾದವು.

"ಆ ಕರ್ನಲ್ ತಿದ್ದೋರು ಬದಲಾಯಿಸೋವಾಗ ನಿನಗೊಂದು ಮಾತು ಹೇಳಬಾರದಾ?" ಗಂಡ ಊಟಕ್ಕೆ ಕೂತಾಗ ಕೇಳಿದ.

"ಹೇಗೆ ಹೇಳ್ತಾರೆ? ನನ್ನ ಡ್ರೈವರ್ ಇರೋದೇ ಅವರಿಗೆ ಗೊತ್ತಿಲ್ಲ."

"ಮತ್ತೆ, ಗೊತ್ತು ಮಾಡು."

ಮಾತು ತಲೆಯಲ್ಲಿ ಉಳಿಯಿತು. ಕರ್ನಲ್ಲಿನ ಒಳಗೇ ಇರುವ ಡ್ರೈವರುಗಳಾದರೆ, ಏನಾದರೂ ಬದಲಿಸುವವರು ಅವನ್ನೂ ಸರಿಪಡಿಸಿಯೇ ಮುಂದೆ ಹೋಗುತ್ತಾರೆ. ತನ್ನದನ್ನೂ ಸೇರಿಸಿಕೊಳ್ಳಿ ಎಂದು ಕರ್ನಲ್ ನೋಡಿಕೊಳ್ಳುವವರಿಗೆ ಬರೆದು ಕಳಿಸಿದಳು. ಮೂರು ಸಲ ತಿರುಗಿ ಬಂತು: ಸಾಲುಗಳ ನಡುವಿನ ಜಾಗ ಸರಿಯಿಲ್ಲ, ಹೆಸರುಗಳು ಅರ್ಥವಾಗುತ್ತಿಲ್ಲ, ಈ ಯಂತ್ರ ಇನ್ನೂ ಯಾರ ಹತ್ತಿರವಾದರೂ ಇದೆಯೇ? "ನಮ್ಮ ಹತ್ತಿರ ಎರಡಿವೆ" ಎಂದು ಉತ್ತರಿಸಿದಳು. ನಾಲ್ಕನೆಯ ಸಲ ಒಪ್ಪಿದರು.

ಎರಡು ವರ್ಷದ ಮೇಲೆ ಇನ್ನೊಂದು ಆವೃತ್ತಿ ಬಂತು. ಎಂದಿನಂತೆ ಅಕ್ಕಪಕ್ಕ ಇಟ್ಟು ನೋಡಿದರೆ ಅವಳ ಡ್ರೈವರಿನ ಫೈಲಿನಲ್ಲಿ ನಾಲ್ಕು ಸಾಲು ಕೆಂಪು, ನಾಲ್ಕು ಹಸಿರು. ಗುರುತು ಪರಿಚಯವಿಲ್ಲದ ಯಾರೋ ತಿದ್ದಿದ್ದರು. ಎರಡೆರಡು ಸಲ ಓದಿದಳು. ಕೊಂಕು ತೆಗೆಯುವಂಥದ್ದು ಏನೂ ಇರಲಿಲ್ಲ. ನಿರಾಳವೂ ಆಯಿತು, ಒಂದಿಷ್ಟು ಕಸಿವಿಸಿಯೂ ಆಯಿತು. ಆಮೇಲೆ ಒಂದು ಹಾಳೆ ಮುದ್ರಿಸಿ ಮೇಷ್ಟ್ರ ಮೇಜಿನ ಮೇಲಿಟ್ಟು, ಅವರು ಓದಿ ಮುಗಿಸುವ ತನಕ ಪಕ್ಕದಲ್ಲೇ ನಿಂತಳು.