ಜೀವಂತ ಇಂಗ್ಲಿಷಿಗೆ ಹತ್ತಕ್ಕೆ ಮೂರು

ನಾನು ಇಂಗ್ಲಿಷ್ ಕಲಿಸುವ ವಿಶ್ವವಿದ್ಯಾಲಯದ ಪಠ್ಯದಲ್ಲಿ ರೈಲ್ವೆ ಸ್ಟೇಷನ್ನಿನ ಸಂಭಾಷಣೆಯೊಂದಿತ್ತು. ಕುವೈತಿನಲ್ಲಿ ರೈಲೇ ಇಲ್ಲ. ಆದರೂ ಹತ್ತು ವರ್ಷ ನಾನು ಮಕ್ಕಳನ್ನು ಆ ಟಿಕೆಟ್ ಕೌಂಟರಿನ ಮುಂದೆ ನಿಲ್ಲಿಸಿದ್ದೆ. ಪಠ್ಯಕ್ರಮ ಹೊಸದಾಗಬೇಕೆಂದು ಸಭೆ ಕರೆದಾಗ ಮೊದಲು ಎದ್ದವನೂ ನಾನೇ. ಬೀದಿಯಲ್ಲಿ ಜನ ಆಡುವ ಜೀವಂತ ಇಂಗ್ಲಿಷ್ ತರಗತಿಗೆ ಬರಲಿ ಎಂದು ಭಾಷಣ ಬಿಗಿದೆ.

ಸಹೋದ್ಯೋಗಿಗಳ ಅಭಿಪ್ರಾಯ ಬಗೆಬಗೆ. ಒಬ್ಬರಿಗೆ ಹೊಸತು ಎಂದರೆ ಹೊಸ ಪ್ರೊಜೆಕ್ಟರ್. ಇನ್ನೊಬ್ಬರು ಎಲ್ಲದಕ್ಕೂ ‘ಇನ್ಶಾ ಅಲ್ಲಾ’ ಎಂದು ತಲೆಯಾಡಿಸಿ, ತರಗತಿಗೆ ಹೋಗಿ ಹಳೆಯ ನೋಟ್ಸನ್ನೇ ಓದುತ್ತಿದ್ದರು. ವಿಭಾಗದ ಮುಖ್ಯಸ್ಥೆ ಮಾತ್ರ ಘಾಟಿ. ವಿದ್ಯಾರ್ಥಿಗಳು ಹೊರಗಿನ ಮಾತುಕತೆ ರೆಕಾರ್ಡ್ ಮಾಡಿ ತರಲಿ, ಒಂದನ್ನು ಎಲ್ಲರೆದುರು ಕೇಳೋಣ, ನೀವೇ ಅಂಕ ಕೊಡಿ, ಆಮೇಲೆ ತೀರ್ಮಾನ ಎಂದು ನನಗೇ ಹೇಳಿದರು.

ಜಹ್ರಾದಿಂದ ಬರುವ ಹುಡುಗಿಯೊಬ್ಬಳ ರೆಕಾರ್ಡಿಂಗ್ ಹಾಕಿದರು. ಜಾಬ್ರಿಯಾದ ಕ್ಲಿನಿಕ್ಕಿನಲ್ಲಿ ನರ್ಸಿನ ಒಪ್ಪಿಗೆ ಪಡೆದು ಅವಳು ಮಾಡಿಕೊಂಡದ್ದು. ರೆಕಾರ್ಡಿಂಗಿನಲ್ಲಿ ಇಂಜೆಕ್ಷನ್ನಿಗೆ ಹೆದರಿ ಅವಳೇ ಬಿಕ್ಕುತ್ತಿದ್ದಳು, ನರ್ಸ್ ಸಮಾಧಾನ ಮಾಡುತ್ತಿದ್ದಳು.

“ಹಬೀಬ್ತಿ, ನೋ ಫಿಯರ್! ಸ್ಮಾಲ್ ಸ್ಮಾಲ್ ನೀಡಲ್. ಯು ಲುಕ್ ದಟ್ ಸೈಡ್. ಯಲ್ಲಾ... ಖಲಾಸ್!”

ಮುದ್ದಿಗೆ, ಅವಸರಕ್ಕೆ, ಮುಗಿಯಿತು ಎನ್ನುವುದಕ್ಕೆ ಅರಬಿ; ಉಳಿದದ್ದು ಇಂಗ್ಲಿಷ್. ಹುಡುಗಿ ಕಿಲಕಿಲ ನಕ್ಕಳು. ಮೈದಾನ್ ಹವಲ್ಲಿಯ ನಮ್ಮ ಫ್ಲಾಟಿನಲ್ಲಿ ದಿನಾ ಬೆಳಿಗ್ಗೆ ನನ್ನನ್ನು ಎಬ್ಬಿಸುವ ದನಿ ಅದು. ನನ್ನ ಹೆಂಡತಿ!

ಅಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಮುಖ್ಯಸ್ಥೆ ನನ್ನನ್ನೇ ನೋಡುತ್ತಿದ್ದರು. ಗಡಿಬಿಡಿಯಲ್ಲಿ ಕೆಂಪು ಪೆನ್ನು ತೆಗೆದು ಹತ್ತಕ್ಕೆ ಮೂರು ಬರೆದೆ. ಸಾಲದ್ದಕ್ಕೆ, ಇದು ಶುದ್ಧ ಇಂಗ್ಲಿಷ್ ಅಲ್ಲ ಎಂದು ಷರಾ ಬೇರೆ. ಜೀವಂತ ಇಂಗ್ಲಿಷನ್ನು ನನ್ನ ಕೈಯಾರೆ ಕೊಂದಿದ್ದೆ. ರೈಲ್ವೆ ಸ್ಟೇಷನ್ ಇನ್ನೊಂದು ವರ್ಷಕ್ಕೆ ಭದ್ರವಾಯಿತು. ನನಗೆ ನಾಚಿಕೆಯಾಯಿತು, ಆದರೆ ಬಾಯಿ ಬಿಡುವಷ್ಟಲ್ಲ.

ಹುಡುಗಿಗೆ ಇನ್ನೊಂದು ಇಂಜೆಕ್ಷನ್ ಬಾಕಿಯಿದೆ, ಅದಕ್ಕೆ ಮತ್ತೆ ಅದೇ ಕ್ಲಿನಿಕ್ಕಿಗೆ ಹೋಗುತ್ತಾಳೆ ಎಂಬುದು ನನಗೇನು ಗೊತ್ತು? ಮರುದಿನ ಸಂಜೆ ಹೆಂಡತಿ ಬಂಗುಡೆ ಮೀನು ಹುರಿಯುತ್ತಾ ಶುರು ಮಾಡಿದಳು.

“ಗೊತ್ತುಂಟಾ ಮಾರಾಯ್ರೆ, ನಾನು ಮಾತಾಡಿದ್ದಕ್ಕೆ ಆ ಮಗುವಿಗೆ ಮೂರೇ ಮಾರ್ಕ್ ಅಂತೆ! ನಿಮ್ಮ ಕಾಲೇಜಿನವಳೇ. ಯಾರು ಆ ಮಾಷ್ಟ್ರು?”

ನಾನು ಈರುಳ್ಳಿ ಹೆಚ್ಚುವುದರಲ್ಲಿ ಮಗ್ನನಾದೆ.

“ನಂಗೆ ಇಂಗ್ಲಿಷ್ ಬರುವುದಿಲ್ಲ, ಅದು ಬಿಡಿ. ಅಷ್ಟು ಹೆದರಿದವಳು ಕಡೆಗೆ ನಗಾಡಿದ್ದಾದ್ರೂ ಅವರಿಗೆ ಕೇಳ್ಲಿಲ್ವಾ?”

“ಕೇಳಿತ್ತು,” ಎಂದೆ. “ಚೆನ್ನಾಗಿಯೇ ಕೇಳಿತ್ತು.”

ಅವಳು ಒಲೆ ಆರಿಸಿ ನನ್ನತ್ತ ತಿರುಗಿದಳು.